ಟೆಲಿ ಪದಗಳನ್ನು ನಾನು ಕಲಿಸಿದ ರೀತಿ

ಈ ವರ್ಷ ಒಂಬತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಪಾಠದಲ್ಲಿ ಇಲ್ಲದ ಒಂದು ಪದ ಕೊಟ್ಟೆ: ಟೆಲಿಮೆಟ್ರಿ. ನಲವತ್ತು ಮಕ್ಕಳಲ್ಲಿ ಮೂವತ್ತರಷ್ಟು ಮಂದಿ ‘ದೂರದಿಂದ ಅಳೆಯುವುದು’ ಎಂದು ಬರೆದರು. ಒಬ್ಬಳು ‘ಮೇಲೆ ಹೋದ ರಾಕೆಟ್ ಎಷ್ಟು ಬಿಸಿಯಾಗಿದೆ ಅಂತ ಕೆಳಗೆ ಕೂತು ತಿಳಿಯೋದು’ ಎಂದೂ ಸೇರಿಸಿದ್ದಳು. ಟೆಲಿ ಎಂದರೆ ಗ್ರೀಕಿನಲ್ಲಿ ದೂರ. ಮೂರು ವರ್ಷದ ಹಿಂದೆ ಇಂಥ ಪದಗಳನ್ನು ಬಿಡಿಸಿ ಕಲಿಸಲು ಹೊರಟಾಗ ಸಹೋದ್ಯೋಗಿಯೊಬ್ಬರು, “ಕನ್ನಡ ಮಾಧ್ಯಮದ ಮಕ್ಕಳಿಗೆ ಗ್ರೀಕ್ ಕಲಿಸ್ಲಿಕ್ಕೆ ಹೊರಟಿದ್ದೀರಾ ಮೇಡಂ? ಸುಮ್ನೆ ಬಾಯಿಪಾಠ ಮಾಡಿಸಿ” ಎಂದಿದ್ದರು. ಉತ್ತರಪತ್ರಿಕೆಗಳ ಕಟ್ಟನ್ನು ನಾನೇ ಒಯ್ದು ಅವರ ಮೇಜಿನ ಮೇಲಿಟ್ಟೆ.

ಮೊದಲ ವರ್ಷ ಪೂರ್ತಿ ಸೋತಿದ್ದೆ. ಕಾರವಾರ ಪೇಟೆಯಲ್ಲಿ ಬಣ್ಣದ ಚಾರ್ಟ್ ಮಾಡಿಸಿ ಲ್ಯಾಮಿನೇಷನ್ ಹಾಕಿಸಿದೆ. ಒಂಬೈನೂರೋ ಸಾವಿರವೋ ಆಯಿತು, ಕೈಯಿಂದಲೇ. ಎಡಕ್ಕೆ ಟೆಲಿ. ಬಲಕ್ಕೆ ಸ್ಕೋಪ್, ಫೋನ್, ಗ್ರಾಫ್, ವಿಷನ್. ಕೆಳಗೆ ಕನ್ನಡ ಅರ್ಥ. ಜುಲೈ ಮಳೆಗೆ ಗೋಡೆ ಒದ್ದೆಯಾಗಿ ಚಾರ್ಟ್ ಕಿತ್ತು ಬಂತು. ಅದು ಹೋಗಲಿ, ಪರೀಕ್ಷೆಯಲ್ಲಿ ಅರ್ಧ ಮಕ್ಕಳು ಟೆಲಿಸ್ಕೋಪಿಗೆ ದೂರದರ್ಶನ ಎಂದು ಬರೆದರು, ಟಿವಿಗೆ ದೂರದರ್ಶಕ. ಮಕ್ಕಳ ತಪ್ಪಲ್ಲ. ನೋಡದ ವಸ್ತುವಿಗೆ ಎರಡು ಹೆಸರು ಕೊಟ್ಟರೆ ಯಾವುದು ಯಾವುದಕ್ಕೆ ಅಂತ ಹೇಗೆ ನೆನಪಿರಬೇಕು?

ಆಗ ಹೊಳೆದದ್ದು ಗೆಲಿಲಿಯೋ ಕಥೆ. ಅವನು 1609ರಲ್ಲೇ ಕೊಳವೆ ಹಿಡಿದು ಆಕಾಶ ನೋಡಿದ್ದ. ಟೆಲಿಸ್ಕೋಪ್ ಎಂಬ ಹೆಸರು ಬಂದದ್ದು 1611ರಲ್ಲಿ. ರೋಮಿನ ಒಂದು ಔತಣದಲ್ಲಿ ದೆಮಿಸಿಯಾನಿ ಎಂಬ ಗ್ರೀಕ್ ಗಣಿತಜ್ಞ ಆ ಹೆಸರಿಟ್ಟ. ಅಲ್ಲಿಯವರೆಗೆ ಗೆಲಿಲಿಯೋ ಅದನ್ನು ಲ್ಯಾಟಿನ್‌ನಲ್ಲಿ ಪರ್ಸ್ಪಿಸಿಲಮ್ ಎನ್ನುತ್ತಿದ್ದ. ವಸ್ತು ಮೊದಲು, ಹೆಸರು ಆಮೇಲೆ. ನಾನೂ ಹಾಗೇ ಮಾಡಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕನ್ನಡಕದ ಅಂಗಡಿಯಿಂದ ಕತ್ತರಿಸದ ಪ್ಲಸ್ ಒಂದು ನಂಬರಿನ ಗ್ಲಾಸ್ ತಂದೆ, ನೂರೈವತ್ತರ ಆಸುಪಾಸು. ಅದರ ಸಂಗಮದೂರ, ಅಂದರೆ ಬೆಳಕು ಒಂದು ಬಿಂದುವಿನಲ್ಲಿ ಕೂಡುವ ದೂರ, ಒಂದು ಮೀಟರ್. ಕಣ್ಣಿನ ಕಡೆಗೆ ಗಡಿಯಾರ ರಿಪೇರಿಯವರ ಮಸೂರ, ಸಂಗಮದೂರ ಐದು ಸೆಂಟಿಮೀಟರ್. ಎಪ್ಪತ್ತೈದು ಮಿಲಿಮೀಟರ್ ಅಗಲದ ಪಿವಿಸಿ ಪೈಪ್ ತುಂಡು. ಎಲ್ಲ ಸೇರಿ ಐನೂರು ದಾಟಲಿಲ್ಲ, ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣಿಸಿತು. ಮೊದಮೊದಲು ಎಲ್ಲದಕ್ಕೂ ನೇರಳೆ ಅಂಚು, ಬರೀ ಮಂಜು. ಮುಂದಿನ ಗ್ಲಾಸಿಗೆ ತೂತು ಮಾಡಿದ ಕಪ್ಪು ಕಾಗದ ಹಾಕಿದ ಮೇಲೆ ಸರಿಯಾಯಿತು. ತೂತು ಎಷ್ಟು ಅಗಲ ಅಂತ ನೀವೇ ಮಾಡಿ ನೋಡಿ, ನನಗೆ ಎರಡು ವಾರ ಹಿಡಿಯಿತು. ಸೂರ್ಯನ ಕಡೆ ಮಾತ್ರ ಯಾರಿಗೂ ತಿರುಗಿಸಲು ಬಿಡಬೇಡಿ.

ಟಾಗೋರ್ ಕಡಲತೀರದಲ್ಲಿ ಕೊಳವೆಯನ್ನು ದೇವಗಡ ದ್ವೀಪದ ಕಡೆ ಹಿಡಿದೆವು. “ಅಕ್ಕೋರೇ, ದೀಪಸ್ತಂಭ ತಲೆಕೆಳಗಾಗಿದೆ!” ಎಂದು ಒಬ್ಬ ಕೂಗಿದ. ಎಲ್ಲರೂ ನೋಡಿ ಮುಗಿಸಿದ ಮೇಲೆ ಮರಳಿನ ಮೇಲೆ ಬರೆದೆ: ಟೆಲಿ, ದೂರ. ಸ್ಕೋಪ್, ನೋಡುವುದು. ಅಲ್ಲಿಂದಾಚೆ ಆ ತರಗತಿಯಲ್ಲಿ ಯಾರೂ ದೂರದರ್ಶಕವನ್ನು ಟಿವಿ ಮಾಡಲಿಲ್ಲ.

ಫೋನಿಗೆ ಕಾಗದದ ಲೋಟ, ದಾರ. ತೆಂಗಿನ ನಾರಿನ ಹಗ್ಗವನ್ನೂ ಕಟ್ಟಿ ನೋಡಿದೆ, ಒಂದಕ್ಷರ ಕೇಳಲಿಲ್ಲ. ಹತ್ತಿ ದಾರ ಬಿಗಿಯಾಗಿದ್ದರೆ ಇಪ್ಪತ್ತು ಮೀಟರಿನವರೆಗೆ ಚೆನ್ನಾಗಿತ್ತು, ಮಳೆಯಲ್ಲಿ ನೆನೆದು ಜೋತುಬಿದ್ದರೆ ಇಲ್ಲ. ಗಾಳದ ನೈಲಾನ್ ದಾರ ತಂದವನು ಮೀನುಗಾರರ ಮನೆಯ ಹುಡುಗ. ನನಗೆ ಅದೇ ಜಾಸ್ತಿ ಇಷ್ಟವಾಯಿತು.

ಟೆಲಿಗ್ರಾಫ್ ಕಷ್ಟ ಕೊಟ್ಟಿತು. ನಮ್ಮಲ್ಲಿ ಅದು ‘ತಂತಿ’. ತಂತಿ ಸೇವೆ 2013ರಲ್ಲೇ ನಿಂತಿದೆ, ಈ ಮಕ್ಕಳು ನೋಡಿಯೇ ಇಲ್ಲ. ಹೆಸರಿನಲ್ಲಿ ದೂರವೂ ಇಲ್ಲ, ಬರೆಯುವುದೂ ಇಲ್ಲ. ಆದರೆ ಫ್ರಾನ್ಸಿನ ಕ್ಲೋಡ್ ಶಾಪ್ ಎಂಬವನು 1794ರಲ್ಲಿ ಪ್ಯಾರಿಸ್‌ನಿಂದ ಲಿಲ್‌ಗೆ ನಡೆಸಿದ ಟೆಲಿಗ್ರಾಫಿನಲ್ಲಿ ತಂತಿಯೇ ಇರಲಿಲ್ಲ. ಗೋಪುರಗಳ ಮೇಲೆ ಮರದ ತೋಳುಗಳು, ಅಷ್ಟೇ. ಮಕ್ಕಳನ್ನು ನೂರು ಹೆಜ್ಜೆಗೊಬ್ಬರಂತೆ ತೀರದುದ್ದಕ್ಕೂ ನಿಲ್ಲಿಸಿ ಕೈಸನ್ನೆಯಲ್ಲಿ ‘ಬಂಗಡೆ’ ಎಂಬ ಪದ ಕಳಿಸಿದೆವು. ಆ ತುದಿಗೆ ‘ಬಂಗಾರ’ ಆಗಿ ಮುಟ್ಟಿತು!

ಇಷ್ಟೆಲ್ಲ ಆದ ಮೇಲೂ ಒಂದು ಕಡೆ ಎಡವಿದೆ. ಪಿಯುಸಿಗೆ ಹೋದ ಹಳೆಯ ವಿದ್ಯಾರ್ಥಿನಿ ಬಂದು, “ಅಕ್ಕೋರೇ, ಟೀಲಿಯೋಸ್ಟ್ ಮೀನು ಅಂದರೆ ದೂರದ ಮೂಳೆ ಅಂತ ಬರೆದೆ, ತಪ್ಪಾಯಿತು” ಎಂದಳು. ಬೇಜಾರಾಯಿತು. ನಾನು ಕೊಟ್ಟ ಕತ್ತಿ ಅವಳ ಕೈಯನ್ನೇ ಕೊಯ್ದಿತ್ತು. ಅಲ್ಲಿರುವುದು ಬೇರೆಯೇ ಗ್ರೀಕ್ ಮಾತು: ಟೆಲಿಯೋಸ್, ಅಂದರೆ ಪೂರ್ಣ. ಪೂರ್ಣ ಮೂಳೆಯ ಮೀನು. ಟೀಲೋಫೇಸ್, ಟೀಲೋಮಿಯರ್ ಎರಡರಲ್ಲೂ ಇರುವುದು ಟೆಲೋಸ್, ಅಂದರೆ ಕೊನೆ. ಒಂದು ಕೋಶ ವಿಭಜನೆಯ ಕೊನೆಯ ಹಂತ, ಇನ್ನೊಂದು ವರ್ಣತಂತುವಿನ ತುದಿ.

ಈಗ ಎಂಟನೇ ತರಗತಿಯ ಮಕ್ಕಳಿಗೂ ಮೊದಲೇ ಮೀನು ತೋರಿಸುತ್ತೇನೆ. ಬಂಗಡೆಯ ಮುಳ್ಳು ಒಂದು ತಟ್ಟೆಯಲ್ಲಿ, ಕೊಂಕಣಿ ಮಕ್ಕಳು ಮೋರಿ ಎನ್ನುವ ಶಾರ್ಕಿನ ಮೆದು ಮೂಳೆ ಇನ್ನೊಂದರಲ್ಲಿ. ಬಂಗಡೆ ಟೀಲಿಯೋಸ್ಟ್, ಮೋರಿ ಅಲ್ಲ. ಮುಟ್ಟಿ ನೋಡಿದವರಿಗೆ ವಿವರಿಸುವುದು ಜಾಸ್ತಿ ಇರುವುದಿಲ್ಲ. ದೂರ ಎಂಬ ಅರ್ಥ ಇಲ್ಲದ ಆ ಮೂರು ಪದಗಳನ್ನು, ಟೀಲಿಯೋಸ್ಟ್, ಟೀಲೋಫೇಸ್, ಟೀಲೋಮಿಯರ್, ಬರೆದ ಚೀಟಿಗಳಿಗೆ ಹಸಿರು ಬಣ್ಣ ಹಚ್ಚಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.