ಮಳೆಗಾಲದಲ್ಲಿ ಕರಡು, ಚಳಿಗಾಲದಲ್ಲಿ ವಾಚನ: ಬರಹಗಾರರ ಬಳಗ ನಡೆಸಿದ ನನ್ನ ಅನುಭವ

ಬೇಸಿಗೆಯ ಮೂರು ತಿಂಗಳು ಸಭೆಯನ್ನೇ ಕರೆಯುವುದು ಬೇಡವೆಂದು ನಾನು ಸೂಚಿಸಿದಾಗ, ಅಲ್ಲಿಗೆ ಬಳಗ ಮುಗಿದಂತೆಯೇ ಎಂದು ಹಿರಿಯರೊಬ್ಬರು ಎದ್ದು ಹೇಳಿದ್ದರು. ಆಗ ನಾವು 11 ಮಂದಿ ಇದ್ದೆವು. ಆರು ವರ್ಷಗಳ ನಂತರ ಈಗ ಸುಮಾರು 26 ಮಂದಿ ಇದ್ದೇವೆ, ಆ ಹಿರಿಯರೂ ನಮ್ಮೊಡನಿದ್ದಾರೆ.

ಅದಕ್ಕೂ ಮೊದಲು ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ಸೇರುತ್ತಿದ್ದೆವು. ಪ್ರತಿಯೊಬ್ಬರೂ ತಮ್ಮ ಬರಹವನ್ನು ತಾವೇ ಓದುತ್ತಿದ್ದರು, ಉಳಿದವರು ಚೆನ್ನಾಗಿದೆ ಎನ್ನುತ್ತಿದ್ದರು, ಮುಂದಿನ ಸಭೆಗೆ ಅದೇ ಕಥೆ ಒಂದಕ್ಷರವೂ ಬದಲಾಗದೆ ಮರಳಿ ಬರುತ್ತಿತ್ತು. ಸೆಖೆ ಏರಿದ ಮೇಲೆ ನಾಲ್ಕೇ ಜನ ಬರುತ್ತಿದ್ದರೂ ಸಭಾಂಗಣದ ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಿತ್ತು. ವಂತಿಗೆಯ ಮುಕ್ಕಾಲು ಭಾಗ ಅದಕ್ಕೇ ಹೋಗುತ್ತಿತ್ತು.

ಈಗ ಮಳೆಗಾಲದಲ್ಲಿ ಬರೆಯುವುದಷ್ಟೇ ಕೆಲಸ. ಸೇರಿದಾಗ ಯಾರೂ ಓದುವುದಿಲ್ಲ, ಎರಡು ಗಂಟೆ ಕುಳಿತು ಬರೆದು ಎದ್ದು ಹೋಗುತ್ತೇವೆ. ಚಳಿಗಾಲದಲ್ಲಿ ವಾಚನ ಆರಂಭವಾಗುತ್ತದೆ, ಆದರೆ ಬರೆದವರು ಓದುವಂತಿಲ್ಲ. ಇನ್ನೊಬ್ಬರು ಮೊದಲೇ ನೋಡಿಕೊಳ್ಳದೆ ಗಟ್ಟಿಯಾಗಿ ಓದುವಾಗ, ಬರೆದವರು ಬಾಯಿ ಬಿಡದೆ ಪೆನ್ಸಿಲ್ ಹಿಡಿದು, ಓದುವವರು ತಡವರಿಸಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ, ಕರ್ತೃವಿಗೂ ಅದಕ್ಕೂ ನಡುವೆ ಮೂರು ಉಪವಾಕ್ಯಗಳನ್ನು ತುರುಕಿದರೆ ಓದುವವರ ಧ್ವನಿ ಅಲ್ಲೇ ಸೋಲುತ್ತದೆ. ಬರೆದವರೇ ಓದಿದರೆ ಈ ದೋಷ ಕೇಳಿಸುವುದೇ ಇಲ್ಲ, ಏಕೆಂದರೆ ವಾಕ್ಯ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಮೊದಲ ಚಳಿಗಾಲದಲ್ಲಿ ನನ್ನದೇ ಒಂದು ಕಥೆಯ ಎಂಟು ಪುಟಗಳಲ್ಲಿ ಸುಮಾರು 40 ಗುರುತುಗಳು ಬಿದ್ದವು, ಅವುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಯಾರ ಬರಹಕ್ಕೆ ಯಾರನ್ನು ಓದುಗರಾಗಿ ಆರಿಸಬೇಕೆಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದನ್ನು ನಮ್ಮ ಬಳಗದವರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹೆಸರಿಲ್ಲದ ಹಸ್ತಪ್ರತಿಗಳನ್ನು ಹಂಚುವ ಪ್ರಯೋಗವನ್ನೂ ಮಾಡಿದ್ದೆ. ಎರಡನೆಯ ಪುಟ ಮುಗಿಯುವುದರೊಳಗೆ ಯಾರ ಬರಹವೆಂದು ಎಲ್ಲರಿಗೂ ತಿಳಿಯುತ್ತಿದ್ದುದರಿಂದ ಅದನ್ನು ಕೈಬಿಟ್ಟೆ. ವಾಚನವನ್ನು ಧ್ವನಿಮುದ್ರಿಸಿಕೊಂಡದ್ದು ಮಾತ್ರ ಪ್ರಯೋಜನಕ್ಕೆ ಬಂತು, ವಿಶೇಷವಾಗಿ ಸಂಭಾಷಣೆಗಳನ್ನು ತಿದ್ದುವಾಗ.

ದೊಡ್ಡ ನಷ್ಟವಾದದ್ದು ಮೊದಲ ಸಂಕಲನದಲ್ಲಿ. ಒಂದೊಂದು ಪ್ರತಿಯ ವೆಚ್ಚ ಇಳಿಯುತ್ತದೆಂಬ ಆಸೆಗೆ 500 ಪ್ರತಿ ಅಚ್ಚು ಹಾಕಿಸಿದೆವು, ಸುಮಾರು 300 ಪ್ರತಿಗಳು ಕಟ್ಟು ಬಿಚ್ಚದೆ ಉಳಿದವು. ಪುಟಗಳ ಲೆಕ್ಕದಲ್ಲಿಯೂ ಎಡವಿದ್ದೆವು: ಮುದ್ರಣದಲ್ಲಿ ಒಂದೇ ದೊಡ್ಡ ಹಾಳೆಗೆ ಅಚ್ಚಾಗುವ ಪುಟಗಳ ಕಂತನ್ನು ಫಾರಂ ಎನ್ನುತ್ತಾರೆ, 16 ಪುಟಕ್ಕೊಂದು ಫಾರಂ ಎಂದಾಗ ಆರು ಫಾರಂಗೆ 96 ಪುಟಗಳು, ನಮ್ಮದು 99 ಆಗಿ, ಆ ಮೂರು ಪುಟಗಳಿಗಾಗಿ ಇನ್ನೊಂದು ಫಾರಂನ ಹಣ ತೆತ್ತೆವು. ಎರಡನೆಯ ಸಂಕಲನಕ್ಕೆ ಮುಂಗಡ ಹಣ ಬಂದಷ್ಟೇ ಪ್ರತಿಗಳು, ಅಂದರೆ 150ರ ಆಸುಪಾಸು, ಮುದ್ರಿಸಿದೆವು. ಪುಟಗಳನ್ನು ಕರಡಿನಲ್ಲಿಯೇ 96ಕ್ಕೆ ಕತ್ತರಿಸಿದೆವು. ಸಾಲ ಉಳಿಯಲಿಲ್ಲ, ಒಂದು ಪ್ರತಿಯೂ ಉಳಿಯಲಿಲ್ಲ.

ಬೇಸಿಗೆಯಲ್ಲಿ ಸಭೆಯಿಲ್ಲದಿದ್ದರೂ ಕರಡಚ್ಚು ತಿದ್ದುವ ಕೆಲಸವಿರುತ್ತದೆ. ಇಬ್ಬಿಬ್ಬರು ಜೊತೆಯಾಗಿ ತಮ್ಮ ಮನೆಗಳಲ್ಲಿಯೇ ಅದನ್ನು ಮುಗಿಸುತ್ತಾರೆ, ಹಾಗಾಗಿ ಆ ಮೂರು ತಿಂಗಳ ಬಾಡಿಗೆ ಉಳಿದು ಕಾಗದದ ಖರ್ಚಿಗೆ ಒದಗುತ್ತದೆ. ಈ ಸಲದ ಮಳೆಗಾಲಕ್ಕೆ ಒಂಬತ್ತು ಕಥೆಗಳು ಆರಂಭವಾಗಿವೆ. ಅವುಗಳಲ್ಲೊಂದು, ಬಳಗ ಮುಗಿದಂತೆಯೇ ಎಂದಿದ್ದ ಹಿರಿಯರದು.