ಹೇಂಟೆ, ಬಾತುಮರಿ ಮತ್ತು ಮೀನಿನ ಹಾರ್ನ್: ಹುಟ್ಟುಗುಣದ ಪಾಠ ಮಾಡಿದ ನನ್ನ ಅನುಭವ

ಹುಟ್ಟುಗುಣ, ಕಲಿತ ಗುಣ ಅಂತ ಎರಡು ಕಾಲಂ ಹಾಕಿ ಪಟ್ಟಿ ಬರೆಸುವುದನ್ನು ನಾನು ಬಿಟ್ಟಿದ್ದೇನೆ. ಪಟ್ಟಿ ಮಕ್ಕಳಿಗೆ ಬಾಯಿಪಾಠ ಬರುತ್ತದೆ. ಆದರೆ ಕಾಗೆ ಗೂಡಿನಲ್ಲಿ ಬೆಳೆದ ಕೋಗಿಲೆ ಕಾ ಕಾ ಅನ್ನದೆ ಕುಹೂ ಅನ್ನುವುದು ಯಾಕೆ ಎಂದು ಕೇಳಿದರೆ ಐದನೇ ಕ್ಲಾಸು ಪೂರ್ತಿ ಸೂರು ನೋಡುತ್ತಿತ್ತು. ವಿಡಿಯೋ ತೋರಿಸಿದ್ದೂ ಆಯಿತು. "ಇನ್ನೊಂದು ಹಾಕಿ ಟೀಚರ್" ಅಂದದ್ದೇ ಬಂತು.

ಈಗ ನನ್ನ ದಾರಿ ಒಂದೇ. ಯಾವತ್ತೂ ನೋಡದ, ಯಾರೂ ಹೇಳಿಕೊಡದ ಮರಿ ಆ ಕೆಲಸ ಮಾಡುತ್ತದಾ? ಅದನ್ನು ಮಕ್ಕಳೇ ನೋಡಬೇಕು. ಅದಕ್ಕಾಗಿ ಕಾವಿಗೆ ಕೂತ ಹೇಂಟೆಯ ಅಡಿಗೆ ಬಾತುಮೊಟ್ಟೆ ಇಟ್ಟೆ. "ಎಂತ ಮಾರಾಯ್ರೆ, ಇದು ಶಾಲೆಯಾ ಕೋಳಿಗೂಡಾ?" ಅಂತ ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ.

ಮೊದಲ ಸಲ ಮೊಟ್ಟೆಗೆ ಹದಿನೈದು ರೂಪಾಯಿಯ ಹಾಗೆ ಕೊಟ್ಟು ತಂದೆ. ಗಂಡು ಬಾತು ಉಂಟು ಅಂತ ಮಾರಿದವರು ಆಣೆ ಹಾಕಿದ್ದರು. ಒಂದೂ ಒಡೆಯಲಿಲ್ಲ. ಕೊಳೆತ ವಾಸನೆ ಮಾತ್ರ ಬಿಸಿಯೂಟದ ಕೋಣೆಯವರೆಗೂ ಹೋಯಿತು. ಆಮೇಲೆ ಹೇಂಟೆ ಕೈಕೊಟ್ಟಿತು. ಕೋಳಿಮೊಟ್ಟೆಗೆ 21 ದಿನ, ಬಾತಿನದ್ದಕ್ಕೆ 28. ಮೂರು ವಾರ ಕೂತು ಅದು ಎದ್ದೇ ಹೋಯಿತು. ಕೊನೆಯ ವಾರ ಹೇಂಟೆಯನ್ನು ಕೂರಿಸಿಕೊಳ್ಳಲು ನನ್ನದೊಂದು ಉಪಾಯ ಉಂಟು, ಅದನ್ನು ಇಲ್ಲಿ ಹೇಳುವುದಿಲ್ಲ. ಒಂದೆರಡು ಸಲ ಮರಿ ಮಾಡಿದ ಹಳೆಯ ಹೇಂಟೆಯನ್ನೇ ಹುಡುಕಿ, ಅಷ್ಟು ಹೇಳಬಲ್ಲೆ.

ಕೊನೆಗೆ ನಾಲ್ಕೋ ಐದೋ ಮರಿ ಬಂದವು. ಅಂಗಳದಲ್ಲಿ ಟಬ್ಬಿಗೆ ನೀರು ತುಂಬಿಸಿ, ಹತ್ತಲು ಇಟ್ಟಿಗೆ ಇಟ್ಟೆವು. ಮರಿಗಳು ಸೀದಾ ನೀರಿಗೆ! ಹೇಂಟೆ ಸುತ್ತ ಓಡುತ್ತಾ ಕೂಗಿದ್ದೇ ಕೂಗಿದ್ದು. "ಟೀಚರ್, ಅಮ್ಮ ಬೇಡ ಅಂದ್ರೂ ಹೋಯ್ತು!" ಹಿಂದಿನ ಬೆಂಚಿನ ಹುಡುಗಿ ಕಿರುಚಿದಳು. ಆ ಒಂದು ಮಾತಿಗೆ ನನ್ನ ದುಡ್ಡು ವಸೂಲಾಯಿತು. (ಕೋಳಿ ಸಾಕಿದ ಬಾತುಮರಿ ಬೇಗ ನೆನೆದು ಚಳಿ ಹಿಡಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೇ ತೆಗೆದು ಬಿಸಿಲಿಗೆ ಬಿಡಿ.)

ನೀರಿನಿಂದ ಬಂದವು ಮತ್ತೆ ಹೇಂಟೆಯ ಹಿಂದೆಯೇ ಸಾಲುಗಟ್ಟಿದವು. ಇದು ಯಾವ ಗುಣ ಟೀಚರ್ ಅಂತ ಜಗಳ ಶುರುವಾಯಿತು. ಆಗ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ಅವರ ಕಥೆ ಹೇಳಿದೆ. ಮೊಟ್ಟೆಯೊಡೆದು ಬಂದ ಬೂದು ಹೆಬ್ಬಾತಿನ ಮರಿಗಳು ಮೊದಲು ಕಂಡ ಅವರನ್ನೇ ತಾಯಿ ಅಂದುಕೊಂಡು ಹಿಂದೆ ಹೋಗುತ್ತಿದ್ದವು. ಅವರಿಗೆ 1973ರಲ್ಲಿ ನೊಬೆಲ್ ಬಂತು. ಹಿಂಬಾಲಿಸುವುದು ಹುಟ್ಟಿನಿಂದ ಬಂದದ್ದು, ಯಾರನ್ನು ಅನ್ನುವುದು ಹುಟ್ಟಿದ ಮೇಲೆ ಕಲಿತದ್ದು ಅಂತ ಮಕ್ಕಳೇ ಬಿಡಿಸಿದರು. ಎರಡು ಕಾಲಂ ಪಟ್ಟಿಯಲ್ಲಿ ಇದನ್ನು ಎಲ್ಲಿ ಬರೆಸುತ್ತೀರಿ?

ನಡುವೆ ಇನ್ನೊಂದು ಆಟ. ಊರಕೋಳಿಯ ಹೊಸ ಮರಿಗಳ ಮುಂದೆ ಕಾಗದದಲ್ಲಿ ಪೆನ್ನಿನ ಚುಕ್ಕೆ ಹಾಕಿಟ್ಟೆವು. ಟಕಟಕ ಕುಕ್ಕಿದವು. ಹೊಟ್ಟೆಗೆ ಏನೂ ಸಿಗುವುದಿಲ್ಲ ಅಂತ ಗೊತ್ತಾಗಿ ಮೂರ್ನಾಲ್ಕು ದಿನದಲ್ಲಿ ಚುಕ್ಕೆ ಬಿಟ್ಟು ನುಚ್ಚಿಗೆ ಬಂದವು.

ಆದರೆ ನನಗೆ ಹೆಮ್ಮೆ ಮೀನಿನ ಹಾರ್ನ್ ಬಗ್ಗೆ. ಮಲ್ಪೆ ಕಡೆಯಿಂದ ಮೀನು ಹೊತ್ತ ಬೈಕು ಪೋಂ ಪೋಂ ಅಂದರೆ ನಮ್ಮ ಬೀದಿಯ ಬೆಕ್ಕುಗಳೆಲ್ಲ ಗೇಟಿಗೆ ಹಾಜರು. ಕಣ್ಣು ಬಿಟ್ಟು ಸ್ವಲ್ಪ ದಿನವಾದ ಮರಿಗಳು ಮಾತ್ರ ಕಿವಿ ಆಡಿಸಿ ಸುಮ್ನಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ, ಬೈಕೂ ಬರುವುದಿಲ್ಲ ಅಲ್ವಾ. ಆಗ ಅಂಥದ್ದೇ ರಬ್ಬರ್ ಹಾರ್ನ್ ನೂರೈವತ್ತಕ್ಕೋ ಏನೋ ತಂದು, ದಿನಕ್ಕೊಬ್ಬರ ಹಾಗೆ ಮಕ್ಕಳ ಮನೆಗೆ ಕೊಟ್ಟೆ. ಒತ್ತಬೇಕು, ಮೀನು ಕೊಡಬಾರದು. ಮೊದಲು ಬಾಲ ಎತ್ತಿ ಓಡಿ ಬಂದವು. ವಾರ ಕಳೆಯುವಾಗ ಅರ್ಧ. ಆಮೇಲೆ ಒಂದು ಮುದಿ ಗಂಡುಬೆಕ್ಕು ಮಾತ್ರ, ಅದೂ ಕುಳಿತಲ್ಲಿಂದಲೇ ನೋಡುತ್ತಿತ್ತು. ಆಗಸ್ಟಿನಲ್ಲಿ ಬೈಕಿನಲ್ಲಿ ಬೂತಾಯಿ ಮೀನು ಬಂದದ್ದೇ ತಡ, ಎರಡೇ ದಿನದಲ್ಲಿ ಎಲ್ಲ ವಾಪಸ್. ಕಲಿತದ್ದು ಮರೆಯುತ್ತದೆ, ಮತ್ತೆ ಬೇಗ ನೆನಪಾಗುತ್ತದೆ ಅಂತ ಮಕ್ಕಳು ನೋಟ್ಸಿನಲ್ಲಿ ಬರೆದುಕೊಂಡರು. ನಾನು ಬರೆಸಿದ್ದಲ್ಲ.

ಎಲ್ಲ ಸೇರಿ ಸಾವಿರದ ಆಸುಪಾಸು ಖರ್ಚು. ಶಾಲೆಯ ಅನುದಾನದಲ್ಲಿ ಕೋಳಿಗೆ ದಾರಿಯಿಲ್ಲ ಅಂದರು, ಕೈಯಿಂದಲೇ ಹಾಕಿದೆ. ನಕ್ಕವರಲ್ಲಿ ಇಬ್ಬರು ಈ ವರ್ಷ ಹಾರ್ನ್ ಕೇಳಿದ್ದಾರೆ. ಹಾರ್ನ್ ಕೊಡುತ್ತೇನೆ, ಹೇಂಟೆ ಮಾತ್ರ ಕೊಡುವುದಿಲ್ಲ.