ಪೌರತ್ವ ಪರೀಕ್ಷೆಗೆ ಕೂರುವ ಹಿರಿಯರಿಗೆ ಅಮೆರಿಕದ ತಿದ್ದುಪಡಿಗಳನ್ನು ನಾನು ಕಲಿಸುವ ಬಗೆ

ಮಕ್ಕಳೊಂದಿಗೆ ಅಮೆರಿಕದಲ್ಲಿ ನೆಲೆಸಿ ಪೌರತ್ವದ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಕನ್ನಡಿಗ ಹಿರಿಯರಿಗೆ ಕ್ಯಾಲಿಫೋರ್ನಿಯಾದ ನಮ್ಮ ಊರಿನಲ್ಲಿ ವಾರಾಂತ್ಯಗಳಲ್ಲಿ ಪಾಠ ಹೇಳುತ್ತಾ ಬಂದಿದ್ದೇನೆ. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಸಲ್ಲಿಸಿದವರು 128 ಪ್ರಶ್ನೆಗಳನ್ನು ಓದಿಕೊಂಡಿರಬೇಕು; ಅಧಿಕಾರಿ ಗರಿಷ್ಠ 20 ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ, 12ಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. 55 ವರ್ಷ ತುಂಬಿ, ಗ್ರೀನ್ ಕಾರ್ಡ್ ಪಡೆದು 15 ವರ್ಷ ಇಲ್ಲಿ ಬಾಳಿದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದ್ದು, ದುಭಾಷಿಯ ನೆರವಿನಿಂದ ಅವರು ಕನ್ನಡದಲ್ಲೇ ಉತ್ತರಿಸಬಹುದು. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಯೂ ಪಾಸಾಗಬಹುದೆಂಬುದು ನಿಜ. ಆದರೆ ಪೌರತ್ವದ ಪ್ರಮಾಣವಚನದಲ್ಲಿ ಸಂವಿಧಾನವನ್ನು ಬೆಂಬಲಿಸಿ ರಕ್ಷಿಸುವುದಾಗಿ ಮಾತು ಕೊಡುವವರಿಗೆ ಆ ಸಂವಿಧಾನದ ಪರಿಚಯವಿರಲೇಬೇಕೆಂದು ನಾನು ನಂಬಿದ್ದೇನೆ. ಅದಕ್ಕೆ ಅವರು ಊರಿನಲ್ಲಿದ್ದಾಗಲೇ ಕಂಡುಂಡ ರಾಜಕೀಯವೇ ಒಳ್ಳೆಯ ಬುನಾದಿ.

ನಾನು ಮೊದಲ ತಿದ್ದುಪಡಿಯಿಂದ ಆರಂಭಿಸುವುದಿಲ್ಲ, 17ನೆಯದರಿಂದ ಆರಂಭಿಸುತ್ತೇನೆ. ರಾಜ್ಯಸಭೆಯ ಸದಸ್ಯರನ್ನು ಶಾಸಕರು ಆರಿಸುತ್ತಾರೆ, ಅವರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಕೂಡ 1913ರವರೆಗೆ ಬಹುಮಟ್ಟಿಗೆ ಹೀಗೆಯೇ ಇತ್ತು: ರಾಜ್ಯದ ಶಾಸನಸಭೆಯೇ ಸೆನೆಟರನ್ನು ಆರಿಸುತ್ತಿತ್ತು. ಶಾಸಕರಲ್ಲಿ ಒಮ್ಮತ ಮೂಡದೆ ಸ್ಥಾನಗಳು ಖಾಲಿ ಬೀಳುತ್ತಿದ್ದವು. 1901ರಿಂದ 1903ರವರೆಗೆ ಡೆಲವೇರ್ ರಾಜ್ಯಕ್ಕೆ ಸೆನೆಟ್‌ನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಲಂಚದ ಆರೋಪಗಳೂ ಎದ್ದವು. ಆಯ್ಕೆಯನ್ನು ನೇರವಾಗಿ ಮತದಾರರಿಗೇ ಒಪ್ಪಿಸಿದ್ದು 17ನೇ ತಿದ್ದುಪಡಿ. ಇಷ್ಟು ಹೇಳುವಷ್ಟರಲ್ಲಿ ತಿದ್ದುಪಡಿ ಎಂದರೇನು, ಸೆನೆಟರುಗಳು ಎಷ್ಟು ಮಂದಿ, ಅವರ ಅವಧಿಯೆಷ್ಟು, ಅವರನ್ನು ಯಾರು ಆರಿಸುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುತ್ತದೆ.

ಆಮೇಲೆ ಸಂವಿಧಾನದ ಪುಟ್ಟ ಪ್ರತಿಯೊಂದನ್ನು ಎಲ್ಲರ ಕೈಗೂ ಕೊಡುತ್ತೇನೆ. ಭಾರತದಲ್ಲಿ ತಿದ್ದುಪಡಿಯಾದರೆ ಮೂಲ ಪಠ್ಯವೇ ಬದಲಾಗುತ್ತದೆ. 1976ರಲ್ಲಿ 42ನೇ ತಿದ್ದುಪಡಿಯು ಪ್ರಸ್ತಾವನೆಗೆ ಸೇರಿಸಿದ ಪದಗಳು ಇಂದಿನ ಪ್ರತಿಗಳಲ್ಲಿ ಮೊದಲಿನಿಂದಲೂ ಇದ್ದವೇನೋ ಎಂಬಂತೆ ಬೆರೆತಿವೆ. ಅಮೆರಿಕದ ಮೊದಲ ತಿದ್ದುಪಡಿಗಳ ಕರಡನ್ನು ಮಂಡಿಸಿದ ಜೇಮ್ಸ್ ಮ್ಯಾಡಿಸನ್ ಕೂಡ ಹಾಗೆಯೇ ಪಠ್ಯದೊಳಗೆ ಸೇರಿಸಬೇಕೆಂದಿದ್ದರು. ಕನೆಕ್ಟಿಕಟ್ ರಾಜ್ಯದ ಪ್ರತಿನಿಧಿ ರೋಜರ್ ಶೆರ್ಮನ್ ಅದನ್ನು ವಿರೋಧಿಸಿದರು; ಕೊನೆಗೆ ಅವರ ಮಾತೇ ನಿಂತು, ತಿದ್ದುಪಡಿಗಳೆಲ್ಲ ಮೂಲದ ಕೊನೆಯಲ್ಲಿ ಸಾಲಾಗಿ ಸೇರಿಕೊಂಡವು. ಆದ್ದರಿಂದ ಸೆನೆಟರನ್ನು ಶಾಸನಸಭೆ ಆರಿಸತಕ್ಕದ್ದು ಎಂಬ ರದ್ದಾದ ವಾಕ್ಯ ಮೊದಲನೇ ವಿಧಿಯಲ್ಲಿ ಇಂದಿಗೂ ಅಚ್ಚಾಗಿದೆ. ಮದ್ಯಪಾನ ನಿಷೇಧದ 18ನೇ ತಿದ್ದುಪಡಿಯೂ ಅದನ್ನು 1933ರಲ್ಲಿ ತೆಗೆದುಹಾಕಿದ 21ನೆಯದೂ ಒಂದೆರಡು ಪುಟಗಳ ಅಂತರದಲ್ಲಿವೆ. ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರು ಪೆನ್ಸಿಲ್ ಹಿಡಿದು ಮೊದಲನೇ ವಿಧಿಯ ಆ ಸಾಲಿನ ಅಂಚಿನಲ್ಲಿ ಒಂದು ಬಾಣ ಎಳೆದು ‘17’ ಎಂದು ಬರೆದುಕೊಂಡರು. ಹಾಗೆಯೇ ಮುಂದುವರಿದು ಎಲ್ಲೆಲ್ಲಿ ಹಳೆಯ ಮಾತು ಬಿದ್ದುಹೋಗಿದೆಯೋ ಅಲ್ಲೆಲ್ಲ ಅಂಕಿ ನಮೂದಿಸಿದರು. ಅಂದಿನಿಂದ ನನ್ನ ತರಗತಿಯಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರೆ. ಹೀಗೆ ಗುರುತು ಹಾಕಿದ ಪ್ರತಿ ಯಾವ ಮಾರ್ಗದರ್ಶಿಗಿಂತಲೂ ಉಪಯುಕ್ತವೆಂದು ನನ್ನ ಅನುಭವ.

ತಿದ್ದುಪಡಿ ಇಷ್ಟು ಅಪರೂಪವೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಭಾರತದಲ್ಲಿ 2023ರ ಹೊತ್ತಿಗೆ 106 ಆಗಿದ್ದವು, ಇಲ್ಲಿ ಇದುವರೆಗೆ 27 ಮಾತ್ರ. ನಮ್ಮ 368ನೇ ವಿಧಿಯಂತೆ ಹೆಚ್ಚಿನ ತಿದ್ದುಪಡಿಗಳಿಗೆ ಸಂಸತ್ತಿನ ವಿಶೇಷ ಬಹುಮತ ಸಾಕು, ಕೆಲವಕ್ಕೆ ಮಾತ್ರ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು. ಇಲ್ಲಿನ ಐದನೇ ವಿಧಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತವನ್ನು ಕೇಳಿ, ಬಳಿಕ 50ರಲ್ಲಿ 38 ರಾಜ್ಯಗಳ ಅನುಮೋದನೆಯನ್ನೂ ಕೇಳುತ್ತದೆ. ಅಧ್ಯಕ್ಷರ ಅಂಕಿತ ಬೇಕಿಲ್ಲ, ಅವರಿಗೆ ತಡೆಯುವ ಅಧಿಕಾರವೂ ಇಲ್ಲ. ರಾಷ್ಟ್ರಪತಿಗಳ ಅಂಕಿತಕ್ಕೆ ಹೊಂದಿಕೊಂಡವರು ಇದನ್ನು ಕೇಳಿ ಬೆರಗಾಗುತ್ತಾರೆ.

ಮತದಾನದ ಹಕ್ಕಿಗೆ ಸಂಬಂಧಿಸಿದ ನಾಲ್ಕು ತಿದ್ದುಪಡಿಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಅವುಗಳಲ್ಲೊಂದನ್ನು ವಿವರಿಸಿ ಎಂದು ಅಧಿಕಾರಿ ಕೇಳಬಹುದು. 1870ರ 15ನೆಯದು ಜನಾಂಗ, ಬಣ್ಣಗಳ ಕಾರಣಕ್ಕೆ ಮತ ನಿರಾಕರಿಸಬಾರದೆಂದಿತು. 1964ರ 24ನೆಯದು ಫೆಡರಲ್ ಚುನಾವಣೆಗಳಲ್ಲಿ ಮತದಾನಕ್ಕೆ ತೆರಿಗೆಯ ಷರತ್ತು ಹಾಕುವುದನ್ನು ನಿಲ್ಲಿಸಿತು. 1971ರ 26ನೆಯದು ವಯಸ್ಸನ್ನು 18ಕ್ಕೆ ಇಳಿಸಿತು. ಊರಿನಲ್ಲಿ 21 ತುಂಬುವವರೆಗೆ ಕಾದು ಮೊದಲ ಮತ ಹಾಕಿದವರು ಭಾರತದ 61ನೇ ತಿದ್ದುಪಡಿಯನ್ನು ತಾವೇ ನೆನಪಿಸುತ್ತಾರೆ. ಮಹಿಳೆಯರಿಗೆ ಮತ ಕೊಟ್ಟ 19ನೆಯದರ ಕಥೆಯನ್ನು ಮಾತ್ರ ಪೂರ್ತಿಯಾಗಿ ಹೇಳುತ್ತೇನೆ. 1920ರ ಆಗಸ್ಟ್‌ನಲ್ಲಿ ಇನ್ನೊಂದೇ ರಾಜ್ಯ ಬೇಕಿದ್ದಾಗ ಟೆನೆಸಿಯ ಶಾಸನಸಭೆಯಲ್ಲಿ ಹ್ಯಾರಿ ಬರ್ನ್ ಎಂಬ 24ರ ತರುಣ, ವಿರೋಧಿಗಳ ಗುರುತಾದ ಕೆಂಗುಲಾಬಿಯನ್ನು ಧರಿಸಿದ್ದರೂ, ಮತ ಕೊಡಿಸು ಮಗನೇ ಎಂದು ತಾಯಿ ಬರೆದ ಪತ್ರಕ್ಕೆ ಓಗೊಟ್ಟು ಪರವಾಗಿ ಮತ ಹಾಕಿದ್ದರಿಂದ ಅದು ಗೆದ್ದಿತು. ಈ ಕಥೆ ಕೇಳಿದ ಅಜ್ಜಿಯರು 19ನೇ ಅಂಕಿಯನ್ನು ಮತ್ತೆ ಮರೆತದ್ದನ್ನು ನಾನು ಕಂಡಿಲ್ಲ.

ಕೊನೆಯ ಪಾಠದಲ್ಲಿ ಐದನೇ ವಿಧಿಯ ಕಡೆಯ ಸಾಲನ್ನು ಓದಿಸುತ್ತೇನೆ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಗೋವಾಕ್ಕೆ ಒಂದು. ಹಾಗಿರುವಾಗ ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷಕ್ಕಿಂತ ಕಡಿಮೆ ಜನರಿರುವ ವಯೋಮಿಂಗ್‌ಗೂ ಇಬ್ಬಿಬ್ಬರೇ ಸೆನೆಟರುಗಳೇಕೆ, ಇದನ್ನು ತಿದ್ದಲಾಗದೇ ಎಂದು ಅಷ್ಟರಲ್ಲಿ ಯಾರಾದರೂ ಕೇಳಿಯೇ ಇರುತ್ತಾರೆ. ಯಾವ ರಾಜ್ಯವೂ ತನ್ನ ಒಪ್ಪಿಗೆಯಿಲ್ಲದೆ ಸೆನೆಟ್‌ನಲ್ಲಿ ತನಗಿರುವ ಸಮಾನ ಮತವನ್ನು ಕಳೆದುಕೊಳ್ಳುವಂತಿಲ್ಲ ಎಂದು ಆ ಸಾಲೇ ಹೇಳುತ್ತದೆ.